ಎಸರು ಕುದಿದ ಮೇಲೆ ಸೌದೆ ಎಲ್ಲಿಗೆ ಹೋಗುತ್ತದೆ?

ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳಿರುವ ಬೀದಿ ಬಂತೆಂಬುದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಬೇಯುತ್ತಿರುವ ಗೂಡಿನ ವಾಸನೆ ಒಮ್ಮೆ ಬಡಿದರೆ ಮರೆಯುವಂಥದ್ದಲ್ಲ. ಒಳಗೆ ಹೋದರೆ ಹಬೆ. ಸೂರಿನ ಕೆಳಗೆ ತೇಲುವ ಹಬೆ, ಕನ್ನಡಕದ ಗಾಜಿನ ಮೇಲೆ ಕೂರುವ ಹಬೆ. ಮೂಲೆಯಲ್ಲಿ ಸೌದೆಯ ರಾಶಿ. ಒಲೆಯ ಮೇಲೆ ನೀರು ಮರಳುತ್ತಿದೆ, ಗೂಡುಗಳು ಅದರಲ್ಲಿ ಕುಣಿಯುತ್ತಿವೆ. ಒಲೆಯ ಮುಂದೆ ಕುಳಿತವರು ಆಗಾಗ ಇನ್ನೊಂದು ಸೀಳನ್ನು ಒಳಕ್ಕೆ ತಳ್ಳುತ್ತಾರೆ.

ಒಂಬತ್ತನೇ ತರಗತಿಯ ಹುಡುಗನೊಬ್ಬ ಅಲ್ಲಿ ನಿಂತು, ‘ಅಪ್ಪಾ, ನೀರು ಆಗಲೇ ಕುದೀತಾ ಇದೆಯಲ್ಲ, ಇನ್ನೂ ಯಾಕೆ ಸೌದೆ ಹಾಕ್ತೀಯ?’ ಎಂದು ಕೇಳಿದನೆನ್ನಿ. ‘ಹಾಕದೆ ಇದ್ರೆ ಕುದಿ ನಿಲ್ಲುತ್ತಪ್ಪ’ ಎಂಬುದು ಅಪ್ಪನ ಉತ್ತರ. ಸರಿಯಾದ ಉತ್ತರವೇ. ಆದರೆ ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲ. ಕುದಿಯುವ ಆ ನೀರಿಗೆ ಥರ್ಮಾಮೀಟರ್ ಅದ್ದಿ ನೋಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಸೀಮೆಯಲ್ಲಿ ಅದು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಂತಿರುತ್ತದೆ. (ಪುಸ್ತಕದ 100 ಡಿಗ್ರಿ ಸಮುದ್ರಮಟ್ಟದ ಲೆಕ್ಕ. ಶಾಲೆಯ ಲ್ಯಾಬಿನಲ್ಲಿ 97 ಬಂತೆಂದು ಥರ್ಮಾಮೀಟರನ್ನು ಬೈಯಬೇಡಿ. ಪಕ್ಕದ ನಂದಿಬೆಟ್ಟದ ತುದಿಯಲ್ಲಿ ನೀರು 95ಕ್ಕೇ ಕುದಿಯುತ್ತದೆ.) ಇನ್ನೊಂದು ಸೌದೆ ಹಾಕಿದರೂ 97, ಒಲೆಯ ಬಾಯಿ ತುಂಬ ತುರುಕಿದರೂ 97. ಸೌದೆ ಉರಿದು ಬೂದಿಯಾಗಿದೆ, ಶಾಖ ಪಾತ್ರೆಯೊಳಕ್ಕೆ ಹೋಗಿದೆ, ನೀರು ಮಾತ್ರ ಒಂದು ಡಿಗ್ರಿಯೂ ಹೆಚ್ಚು ಬಿಸಿಯಾಗಿಲ್ಲ. ಹಾಗಾದರೆ ಆ ಶಾಖ ಹೋದದ್ದೆಲ್ಲಿಗೆ?

ಪರೀಕ್ಷೆಗೆ ಓದುವ ಮಕ್ಕಳು ಇದಕ್ಕೆ ‘ಗುಪ್ತೋಷ್ಣ’ ಎಂದು ಒಂದೇ ಪದದಲ್ಲಿ ಉತ್ತರ ಬರೆದು ಅಂಕ ತೆಗೆಯುತ್ತಾರೆ. ಪಕ್ಕದಲ್ಲಿ ‘540’ ಎಂಬ ಅಂಕಿಯನ್ನೂ ಬರೆಯುತ್ತಾರೆ. ಆ 540 ಎಂಬುದು ಅದೇ ಮೂಲೆಯಲ್ಲಿರುವ ಸೌದೆ ರಾಶಿಯ ಎತ್ತರ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಗಡಿಯಾರ ಹಿಡಿದ ಮೇಷ್ಟ್ರು

ಈ ಪ್ರಶ್ನೆಯನ್ನು ಮೊದಲು ಸರಿಯಾಗಿ ಕೇಳಿದವನು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಬ್ಲ್ಯಾಕ್ (1728–1799). ಅದುವರೆಗೆ ವಿದ್ವಾಂಸರ ನಂಬಿಕೆ ಹೀಗಿತ್ತು: ನೀರು ಕುದಿಯುವ ಹಂತಕ್ಕೆ ಬಂದರೆ ಸಾಕು, ಇನ್ನು ಚೂರು ಶಾಖ ಕೊಟ್ಟರೆ ಎಲ್ಲವೂ ಆವಿಯಾಗಿಬಿಡುತ್ತದೆ. ಬ್ಲ್ಯಾಕನ ತರ್ಕ ಸರಳ. ಹಾಗೇನಾದರೂ ಇದ್ದಿದ್ದರೆ ಕುದಿ ಬಂದ ಗಳಿಗೆಯಲ್ಲೇ ಪಾತ್ರೆಯ ನೀರೆಲ್ಲ ಒಮ್ಮೆಲೇ ಮದ್ದಿನಂತೆ ಸಿಡಿಯಬೇಕಿತ್ತು. ಯಾವ ಅಡುಗೆಮನೆಯಲ್ಲಿಯೂ ಹಾಗಾಗುವುದಿಲ್ಲವಲ್ಲ!

1760ರ ದಶಕದ ಆರಂಭದಲ್ಲಿ ಅವನು ಚಪ್ಪಟೆ ತಳದ ತಗಡಿನ ಪಾತ್ರೆಯಲ್ಲಿ ಸ್ವಲ್ಪ ನೀರು ಹಾಕಿ, ಚೆನ್ನಾಗಿ ಕಾದ ಕಬ್ಬಿಣದ ಮೇಲಿಟ್ಟು, ಗಡಿಯಾರ ಹಿಡಿದು ಕುಳಿತ. ಸುಮಾರು 10 ಡಿಗ್ರಿಯಲ್ಲಿದ್ದ ನೀರು ನಾಲ್ಕು ನಿಮಿಷದಲ್ಲಿ ಕುದಿ ಬಂತು. ಪೂರ್ತಿ ಇಂಗಿಹೋಗಲು ಅಲ್ಲಿಂದ ಮುಂದೆ 20 ನಿಮಿಷ ಹಿಡಿಯಿತು. ಉರಿ ಒಂದೇ ಸಮನಾಗಿತ್ತು. ಅಂದಮೇಲೆ ನೀರನ್ನು ಕುದಿಸಲು ಬೇಕಾದದ್ದರ ಐದು ಪಟ್ಟು ಶಾಖ ಅದನ್ನು ಆವಿ ಮಾಡಲು ಬೇಕಾಯಿತು. ಅಷ್ಟೂ ಶಾಖ ಥರ್ಮಾಮೀಟರಿನ ಕಣ್ಣು ತಪ್ಪಿಸಿ ಆವಿಯೊಳಗೆ ಅಡಗಿ ಕುಳಿತಿತ್ತು. ಅದನ್ನೇ ಅವನು ಗುಪ್ತ ಶಾಖ ಎಂದು ಕರೆದ. ಲೆಕ್ಕ ಹಾಕಿದರೆ ಅವನ ಅಂಕಿ ಇಂದಿನ ರೀತಿಯಲ್ಲಿ ಹೇಳುವುದಾದರೆ ಸುಮಾರು 450, ನಿಜವಾದದ್ದು 540. ತಗಡಿನ ಪಾತ್ರೆ, ಗಡಿಯಾರಗಳನ್ನಷ್ಟೇ ನೆಚ್ಚಿಕೊಂಡು ಅಷ್ಟು ಹತ್ತಿರ ಬಂದದ್ದೇ ಸೋಜಿಗ. ಈ ಮೇಷ್ಟ್ರು ತನ್ನ ಈ ಶೋಧವನ್ನು ತರಗತಿಯಲ್ಲಿ ಹೇಳಿಕೊಂಡು ಹೋದನೇ ಹೊರತು ತಾನಾಗಿ ಅಚ್ಚು ಮಾಡಿಸಲಿಲ್ಲ. ಅವನ ಉಪನ್ಯಾಸಗಳು ಪುಸ್ತಕವಾದದ್ದು 1803ರಲ್ಲಿ, ಅವನು ಸತ್ತ ಮೇಲೆ.

ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ ಜೇಮ್ಸ್ ವಾಟ್‌ಗೆ ಇದೇ ಒಗಟು ಇನ್ನೊಂದು ಬಾಗಿಲಿನಿಂದ ಎದುರಾಯಿತು. ತಣ್ಣೀರಿಗೆ ಹಬೆ ಬಿಟ್ಟು ನೋಡಿದರೆ, ಒಂದು ಪಾಲು ನೀರಿನ ಹಬೆ ಆರು ಪಾಲು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಏರಿಸುತ್ತಿತ್ತು. ಗಾಬರಿಯಾಗಿ ಬ್ಲ್ಯಾಕನನ್ನು ಕೇಳಿದ. ಕಾರಣ ಆಗ ತಿಳಿಯಿತು. ಅಂದಿನ ಉಗಿಯಂತ್ರ ಪ್ರತಿ ಹೊಡೆತಕ್ಕೂ ಎಷ್ಟು ಕಲ್ಲಿದ್ದಲನ್ನು ದಂಡ ಮಾಡುತ್ತಿದೆ ಎಂಬುದರ ಅರಿವೇ 1769ರಲ್ಲಿ ವಾಟ್ ಪಡೆದ ಪೇಟೆಂಟಿಗೆ ದಾರಿಯಾಯಿತು.

ಬ್ಲ್ಯಾಕನ ಪ್ರಯೋಗವನ್ನು ನೀವೂ ಮಾಡಬಹುದು. ಅಮ್ಮನೋ ಅಪ್ಪನೋ ಪಕ್ಕದಲ್ಲಿರಬೇಕು, ಅಷ್ಟೆ. ಪೂರ್ತಿ ಇಂಗಿಸಿ ಪಾತ್ರೆ ಸುಡುವ ಅಗತ್ಯವಿಲ್ಲ. ಒಂದು ಲೀಟರ್ ನೀರು ಅಳೆದು ಗ್ಯಾಸ್ ಒಲೆಯ ಮೇಲಿಡಿ. ಒಲೆಯ ಗುಂಡಿಯನ್ನು ಮತ್ತೆ ಮುಟ್ಟಬೇಡಿ. ಭರ್ತಿ ಕುದಿ ಬರಲು ಎಂಟು ನಿಮಿಷ ಹಿಡಿಯಿತು ಅನ್ನೋಣ. ಮುಚ್ಚಳವಿಲ್ಲದೆ ಇನ್ನೂ ಎಂಟೇ ನಿಮಿಷ ಕುದಿಸಿ. ಒಲೆ ಆರಿಸಿ, ಮುಚ್ಚಿಟ್ಟು, ತಣ್ಣಗಾದ ಮೇಲೆ ಅಳೆಯಿರಿ. ಅಷ್ಟು ಆರ್ಭಟದಿಂದ ಕುದಿದ ನೀರಿನಲ್ಲಿ ಕಡಿಮೆಯಾದದ್ದು ಎಷ್ಟು? ಸುಮಾರು ನೂರು, ನೂರ ಮೂವತ್ತು ಮಿಲಿಲೀಟರ್. ಒಂದು ಲೋಟವೂ ಅಲ್ಲ. ಒಂದು ಲೀಟರನ್ನು ಪೂರ್ತಿ ಕುದಿಸಿದ ಶಾಖ ಆ ಮುಕ್ಕಾಲು ಲೋಟ ನೀರನ್ನು ಆವಿ ಮಾಡುವುದರಲ್ಲೇ ಕರಗಿಹೋಯಿತು.

ಅಂಕಿಯಲ್ಲಿ ಹೇಳುವುದಾದರೆ, ನಮ್ಮ ಸೀಮೆಯಲ್ಲಿ ಒಂದು ಕಿಲೋ ನೀರನ್ನು 25ರಿಂದ 97 ಡಿಗ್ರಿಗೆ ತರಲು 72 ಕಿಲೋಕೆಲೊರಿ ಸಾಕು. ಅದೇ ಒಂದು ಕಿಲೋ ಕುದಿನೀರನ್ನು ಆವಿ ಮಾಡಲು 540 ಕಿಲೋಕೆಲೊರಿ. ಈಗಿನ ಪುಸ್ತಕಗಳ ಭಾಷೆಯಲ್ಲಿ ಸುಮಾರು 2,260 ಕಿಲೋಜೂಲ್. ಏಳೂವರೆ ಪಟ್ಟು!

ಇಷ್ಟೊಂದು ಏಕೆ? ದೊಡ್ಡಬಳ್ಳಾಪುರದ ಬಳಿ ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಹೋದವರು ಜನಸಂದಣಿಯನ್ನು ನೆನೆಸಿಕೊಳ್ಳಿ. ಒಬ್ಬರ ಕೈ ಒಬ್ಬರು ಹಿಡಿದು ನೂಕುನುಗ್ಗಲಿನಲ್ಲಿ ಸಾಗುತ್ತಿರುತ್ತಾರೆ. ನೂಕಾಟ ಹೆಚ್ಚಾದರೂ ಕೈ ಬಿಡುವುದಿಲ್ಲ. ನೀರು ಬಿಸಿಯಾಗುವುದೆಂದರೆ ಇಷ್ಟೆ, ಅಣುಗಳ ನೂಕಾಟ ಹೆಚ್ಚುವುದು. ಆವಿಯಾಗುವುದು ಬೇರೆಯೇ ಮಾತು. ಒಬ್ಬೊಬ್ಬರೂ ಹಿಡಿದ ಕೈಗಳನ್ನೆಲ್ಲ ಬಿಡಿಸಿಕೊಂಡು ಬಯಲಿಗೆ ಹೋಗಬೇಕು. ನೀರಿನ ಅಣುಗಳು ಒಂದನ್ನೊಂದು ಹಿಡಿದಿರುವ ಪಟ್ಟು ಬಲು ಬಿಗಿ. ಆ ಪಟ್ಟು ಬಿಡಿಸುವುದಕ್ಕೇ ಶಾಖವೆಲ್ಲ ವೆಚ್ಚವಾಗುತ್ತದೆ. ಬಿಡಿಸಿಕೊಂಡ ಮೇಲೆ ಅವು ಒಂದು ಲೀಟರ್ ಜಾಗದಿಂದ ಸುಮಾರು 1,700 ಲೀಟರ್ ಜಾಗಕ್ಕೆ ಹರಡಿಕೊಳ್ಳುತ್ತವೆ.

ಒಂದು ಲೀಟರಿಗೆ ಒಂದು ಕಿಲೋ

ಈಗ ವಿಜಯಪುರದ ಒಲೆಗೆ ಮರಳೋಣ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ ಉರಿದರೆ ಸುಮಾರು 3,600 ಕಿಲೋಕೆಲೊರಿ ಶಾಖ ಬರುತ್ತದೆ. ಆದರೆ ಸಾಧಾರಣ ಮಣ್ಣಿನ ಒಲೆಯಲ್ಲಿ ಪಾತ್ರೆಗೆ ತಲಪುವುದು ಅದರಲ್ಲಿ ನೂರಕ್ಕೆ ಹದಿನೈದು ಪಾಲು ಎಂದರೆ ಉದಾರವಾಗಿಯೇ ಹೇಳಿದಂತೆ. ಮಿಕ್ಕದ್ದು ಹೊಗೆಯ ಜೊತೆಗೆ, ಗೋಡೆಗೆ, ಗಾಳಿಗೆ. ಹದಿನೈದು ಪಾಲೆಂದರೆ 540 ಕಿಲೋಕೆಲೊರಿ! ಅಂಕಿ ತಾನಾಗಿಯೇ ಕೈಗೆ ಬಂದು ಕೂತಂತೆ. ಅಂದರೆ ಇಂಥ ಒಲೆಯ ಮೇಲಿಂದ ಒಂದು ಲೀಟರ್ ನೀರು ಹಬೆಯಾಗಿ ಹೋಯಿತೆಂದರೆ ಒಂದು ಕಿಲೋ ಸೌದೆಯೂ ಅದರ ಬೆನ್ನಿಗೇ ಹೋಯಿತು. ದಿನಕ್ಕೆ ಇಪ್ಪತ್ತು ಲೀಟರ್ ಹೋದರೆ ಇಪ್ಪತ್ತು ಕಿಲೋ. ಸೂರಿನ ಕೆಳಗೆ ತೇಲುವ ಆ ಬಿಳಿ ಹಬೆ ಸೌದೆ ಅಂಗಡಿಯ ಬಿಲ್ಲೇ ಸರಿ.

ಇದರಲ್ಲಿ ಬೇಕಾದದ್ದೆಷ್ಟು, ಬೇಡದ್ದೆಷ್ಟು? ಗೂಡನ್ನು ಬೇಯಿಸುವುದು ಎಳೆಗಳನ್ನು ಹಿಡಿದಿಟ್ಟಿರುವ ಸೆರಿಸಿನ್ ಎಂಬ ಅಂಟನ್ನು ಮೆದುಗೊಳಿಸಲು. ಅದಕ್ಕೆ ಬಿಸಿನೀರು ಬೇಕು; ಆರ್ಭಟದ ಕುದಿ ಬೇಕಿಲ್ಲ. ಸಣ್ಣಗೆ ಕುದಿಯುವ ನೀರೂ 97, ಉಕ್ಕಿ ಮರಳುವ ನೀರೂ 97. ಹಳೆಯ ಚರಕದಲ್ಲಿ ಗೂಡು ಬೇಯುವುದೂ ನೂಲು ಬಿಚ್ಚುವುದೂ ಒಂದೇ ಬಿಸಿ ಪಾತ್ರೆಯಲ್ಲಿ. ಎಳೆಯ ತುದಿ ಹಿಡಿಯಲು ಕೈ ಆಡಿಸುತ್ತಲೇ ಇರಬೇಕಾದ್ದರಿಂದ ಮುಚ್ಚಳದ ಮಾತೇ ಇಲ್ಲ. ಇಡೀ ದಿನ ಬಾಯಿ ತೆರೆದ ಪಾತ್ರೆ, ಬೆಂದ ಬೆರಳುಗಳು. ಕಾಟೇಜ್ ಬೇಸಿನ್ ಬಂದ ಮೇಲೆ ಬೇಯಿಸುವ ಪಾತ್ರೆ ಬೇರೆಯಾಯಿತು, ನೂಲು ಬಿಚ್ಚುವುದು ಬೆಚ್ಚಗಿನ ನೀರಿನಲ್ಲಿ ನಡೆಯತೊಡಗಿತು. ಬೆಚ್ಚಗಿನ ನೀರಿನಿಂದ ಆವಿ ಏಳುವುದು ಕಡಿಮೆ, ಬೆರಳಿಗೂ ಕೊಂಚ ನೆಮ್ಮದಿ. ಬೇಯಿಸುವ ಪಾತ್ರೆಯ ಮೇಲೆ ಮುಚ್ಚಳ ಬಿದ್ದರಂತೂ ಮೇಲೆದ್ದ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಕೆಳಗಿಳಿಯುವಾಗ ತಾನು ಕದ್ದೊಯ್ದಿದ್ದರಲ್ಲಿ ಬಹುಪಾಲನ್ನು ಹಿಂದಕ್ಕೆ ಕೊಡುತ್ತದೆ.

ಒಲೆಯ ಕಡೆಯ ಸೋರಿಕೆಯನ್ನು ತಡೆಯಲೂ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಿಂದ ಹೊಗೆಕೊಳವೆಯಿರುವ ಅಸ್ತ್ರ ಒಲೆ ಬಂತು. 1990ರ ದಶಕದಲ್ಲಿ ‘ಟೆರಿ’ ಸಂಸ್ಥೆ ರೇಷ್ಮೆ ನೂಲು ಬಿಚ್ಚುವವರಿಗೆಂದೇ ಸೌದೆಯನ್ನು ಅನಿಲವಾಗಿಸಿ ಉರಿಸುವ ಒಲೆಗಳನ್ನು ರೂಪಿಸಿತು. ಶಾಖದ ಹದಿನೈದು ಪಾಲಿನ ಬದಲು ಮೂವತ್ತು ಪಾಲು ಪಾತ್ರೆಗೆ ಸೇರಿದರೆ ಲೀಟರಿಗೆ ಒಂದು ಕಿಲೋ ಇದ್ದದ್ದು ಅರ್ಧ ಕಿಲೋ ಆಗುತ್ತದೆ. ಆದರೆ 540 ಮಾತ್ರ ಕದಲುವುದಿಲ್ಲ. ಯಾವ ಎಂಜಿನಿಯರೂ ಅದರಲ್ಲಿ ರಿಯಾಯಿತಿ ಕೊಡಿಸಲಾರ.

ಗೂಡು ಬೆಳೆಯುವ ರೈತನ ಕತೆಯಲ್ಲಿಯೂ ಈ ಅಂಕಿ ಅಡಗಿದೆ. ಟಿಪ್ಪು ಹುಟ್ಟಿದ ಊರು ದೇವನಹಳ್ಳಿ. ಮೈಸೂರು ಸೀಮೆಗೆ ರೇಷ್ಮೆ ಕೃಷಿ ಬಂದದ್ದೂ ಅವನ ಕಾಲದಲ್ಲೇ. ಅಂದಿನಿಂದ ಇಂದಿನವರೆಗೂ ಒಂದು ಸಂಗತಿ ಬದಲಾಗಿಲ್ಲ. ಹಸಿ ಗೂಡಿನ ತೂಕದಲ್ಲಿ ಸುಮಾರು ಅರವತ್ತು ಪಾಲು ನೀರು, ಬಹುಮಟ್ಟಿಗೆ ಒಳಗಿನ ಹುಳುವಿನ ಮೈಯಲ್ಲಿರುವ ನೀರು. ಹಾಗೇ ಬಿಟ್ಟರೆ ಹತ್ತು ಹನ್ನೆರಡು ದಿನಗಳಲ್ಲಿ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬರುತ್ತದೆ. ಆಮೇಲೆ ಆ ಗೂಡಿನಿಂದ ಅಖಂಡ ನೂಲು ಬರುವುದಿಲ್ಲ. ಹಬೆ ಕೊಟ್ಟರೆ ಹುಳು ಸಾಯುತ್ತದೆ, ಆದರೆ ನೀರು ಒಳಗೇ ಉಳಿಯುತ್ತದೆ. ಗೂಡು ಹೆಚ್ಚು ದಿನ ಕೆಡದೆ ಇರುವುದಿಲ್ಲ. ಕೆಡದಂತೆ ಇಡಬೇಕೆಂದರೆ ಬಿಸಿಗಾಳಿಯಲ್ಲಿ ಒಣಗಿಸಬೇಕು. ನೂರು ಕಿಲೋ ಹಸಿ ಗೂಡು ಒಣಗಿ ನಲವತ್ತು ಕಿಲೋ ಆಗಬೇಕಾದರೆ ಅರವತ್ತು ಲೀಟರ್ ನೀರು ಆವಿಯಾಗಬೇಕು. ನಮ್ಮ ಕಚ್ಚಾ ಲೆಕ್ಕದಲ್ಲಿ ಅರವತ್ತು ಕಿಲೋ ಸೌದೆ, ಜೊತೆಗೆ ಒಣಗಿಸುವ ಕೋಣೆ. ಅದನ್ನು ಹೊಂದಿಸಲಾಗದ ರೈತ ಮಾರುಕಟ್ಟೆಗೆ ತಂದ ಗೂಡನ್ನು ಆ ದಿನದ ಹರಾಜಿನ ಬೆಲೆಗೇ ಕೊಟ್ಟು ಹೋಗಬೇಕು. ಬೆಲೆ ಬಿದ್ದಿದೆ, ಮುಂದಿನ ತಿಂಗಳು ಮಾರುತ್ತೇನೆ ಎನ್ನುವ ಸ್ವಾತಂತ್ರ್ಯ ರಾಗಿ ಬೆಳೆದವನಿಗಿದೆ, ಗೂಡು ಬೆಳೆದವನಿಗಿಲ್ಲ.

ಇಡ್ಲಿಗೆ ಒಂದು ಚಮಚ

ಆವಿಯಾಗುವಾಗ ನುಂಗಿದ ಶಾಖವನ್ನು ನೀರು ಕಳೆದುಕೊಂಡಿರುವುದಿಲ್ಲ, ಇಟ್ಟುಕೊಂಡಿರುತ್ತದೆ. ಮತ್ತೆ ನೀರಾಗುವಾಗ ಚುಕ್ತಾ ಮಾಡುತ್ತದೆ. ಇಡ್ಲಿ ಬೇಯುವುದೇ ಹೀಗೆ. ತಟ್ಟೆಯ ಕೆಳಗೆ ಕುದಿಯುವ ನೀರು ಹಿಟ್ಟನ್ನು ಮುಟ್ಟುವುದೇ ಇಲ್ಲ. ಹಬೆ ತಣ್ಣನೆಯ ಹಿಟ್ಟಿಗೆ ತಾಗಿ ನೀರಾಗುತ್ತದೆ, ಗ್ರಾಂಗೆ 540 ಕೆಲೊರಿಯಂತೆ ಅಲ್ಲಿಯೇ ಇಳಿಸುತ್ತದೆ. ಐವತ್ತು ಗ್ರಾಂ ಹಿಟ್ಟಿನ ಒಂದು ಇಡ್ಲಿಯನ್ನು ಕುದಿಯುವ ಬಿಸಿಗೆ ಏರಿಸಲು ಐದಾರು ಗ್ರಾಂ ಹಬೆ ಸಾಕು, ಅಂದರೆ ಟೀ ಕಲಕುವ ಒಂದು ಚಮಚದಷ್ಟು ನೀರು. 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇದ್ದ ಬಿಡದಿಯ ತಟ್ಟೆ ಇಡ್ಲಿಗೆ ಇನ್ನೂ ಎರಡು ಚಮಚ ಸೇರಿಸಿಕೊಳ್ಳಿ. ಇಡ್ಲಿ ಪಾತ್ರೆಯಿಂದ ಹೊರಗೆ ಭುಸುಗುಟ್ಟುವುದೆಲ್ಲ ಇಡ್ಲಿಯ ಪಾಲಿಗೆ ಬಾರದ್ದು. ಮುದ್ದೆಗೆ ಎಸರಿಟ್ಟವರಿಗೂ, ಕುಕ್ಕರ್ ಇಟ್ಟವರಿಗೂ ಇದೇ ಮಾತು. ಮೊದಲ ಕೂಗು ಬಂದ ಮೇಲೆ ಉರಿ ತಗ್ಗಿಸಿದರೆ ಒಳಗಿನ ಬಿಸಿ ತಗ್ಗುವುದಿಲ್ಲ, ಗ್ಯಾಸ್ ಉಳಿಯುತ್ತದೆ.

ಅದೇ ಚುಕ್ತಾ ಚರ್ಮದ ಮೇಲೆ ನಡೆದರೆ ಅನಾಹುತ. ಒಂದು ಗ್ರಾಂ ಕುದಿನೀರು ಕೈ ಮೇಲೆ ಬಿದ್ದು ಮೈಬಿಸಿಗೆ ಇಳಿಯುವಾಗ ಸುಮಾರು 60 ಕೆಲೊರಿ ಕೊಡುತ್ತದೆ. ಒಂದು ಗ್ರಾಂ ಹಬೆ ಮೊದಲು 540 ಕೊಟ್ಟು, ನೀರಾಗಿ, ಆಮೇಲೆ ಆ 60ನ್ನೂ ಕೊಡುತ್ತದೆ. ಹತ್ತು ಪಟ್ಟು. ‘ಬರೀ ಹಬೆ ತಾನೇ’ ಎಂಬ ಮಾತನ್ನು ಮಕ್ಕಳ ಬಾಯಲ್ಲಿ ಬರಗೊಡಬೇಡಿ. ಮುಚ್ಚಳ ತೆಗೆಯುವಾಗ ಅದರ ಅಂಚು ಮುಖದ ಆಚೆ ಬದಿಗೆ ಮೊದಲು ತೆರೆಯುವಂತೆ ಓರೆ ಮಾಡುವುದನ್ನು ಕಲಿಸಿ. ಸುಟ್ಟರೆ ಕೂಡಲೇ ನಲ್ಲಿಯ ತಣ್ಣೀರು, ಇಪ್ಪತ್ತು ನಿಮಿಷ. ಅರಿಸಿನ, ಇಂಕು, ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದೂ ಬೇಡ. ಬೊಕ್ಕೆ ಎದ್ದರೆ ಅಥವಾ ಮುಖಕ್ಕೆ ತಾಗಿದ್ದರೆ ಡಾಕ್ಟರ ಬಳಿಗೆ.

ಒಲೆಯಿಲ್ಲದೆ ಆವಿ

ನೀರು ಆವಿಯಾಗಲು ಕುದಿಯಲೇಬೇಕೆಂದೇನೂ ಇಲ್ಲ. ಒಗೆದ ಬಟ್ಟೆ ಹಗ್ಗದ ಮೇಲೆ ಒಣಗುವಾಗ ಯಾರು ಕುದಿಸುತ್ತಾರೆ? ಆದರೆ ಶಾಖದ ಸುಂಕ ಇಲ್ಲಿಯೂ ತಪ್ಪದು. ಮೂವತ್ತು ಡಿಗ್ರಿಯಲ್ಲಿ ಆವಿಯಾಗುವ ನೀರಿಗೆ ಕಿಲೋ ಒಂದಕ್ಕೆ 580 ಕಿಲೋಕೆಲೊರಿ, ಕುದಿಯುವಾಗಿನದಕ್ಕಿಂತ ಹೆಚ್ಚೇ. ಒಲೆ ಇಲ್ಲದಿದ್ದರೆ ಅದು ಸುತ್ತಲಿನದರಿಂದ ಕಿತ್ತುಕೊಳ್ಳುತ್ತದೆ. ಮಣ್ಣಿನ ಹೂಜಿಯಿಂದ ಜಿನುಗಿದ ನೀರು ಹೂಜಿಯಿಂದಲೇ ಕಿತ್ತುಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ನೆಲಮಂಗಲದಲ್ಲಿ 34 ಡಿಗ್ರಿ, ಗಾಳಿಯಲ್ಲಿ ತೇವ ನೂರಕ್ಕೆ ಇಪ್ಪತ್ತೈದು ಇದ್ದರೆ, ಲೆಕ್ಕದ ಪ್ರಕಾರ ಹೂಜಿಯ ನೀರು 20–21 ಡಿಗ್ರಿಯ ಹತ್ತಿರಕ್ಕೂ ಇಳಿಯಬಲ್ಲದು. ಅದೇ ಹೂಜಿಯನ್ನು ಮಂಗಳೂರಿಗೆ ಒಯ್ದರೆ, 33 ಡಿಗ್ರಿಯ, ನೂರಕ್ಕೆ ಅರವತ್ತೈದು ತೇವದ ಗಾಳಿಯಲ್ಲಿ 27ರಿಂದ ಕೆಳಗಿಳಿಯದು. ತಪ್ಪು ಹೂಜಿಯದಲ್ಲ. ಆಗಲೇ ತೇವ ತುಂಬಿಕೊಂಡ ಗಾಳಿಗೆ ಇನ್ನಷ್ಟು ಆವಿ ಬೇಡ.

ಇಂಜೆಕ್ಷನ್ನಿಗೆ ಮುಂಚೆ ಹಚ್ಚುವ ಸ್ಪಿರಿಟ್ ತಣ್ಣಗೆ ಕೊರೆಯುವುದನ್ನು ಕಂಡು, ಅದಕ್ಕೆ ನೀರಿಗಿಂತ ಹೆಚ್ಚು ಗುಪ್ತೋಷ್ಣ ಎಂದು ಬರೆಯುವ ವಿದ್ಯಾರ್ಥಿಗಳಿದ್ದಾರೆ. ಹಾಗಲ್ಲ. ಆಲ್ಕೊಹಾಲಿಗೆ ನೀರಿನ ಅರ್ಧಕ್ಕಿಂತ ಕಡಿಮೆ ಶಾಖ ಸಾಕು. ಅದು ಅವಸರದಲ್ಲಿ ಹಾರಿಹೋಗುತ್ತದೆ, ಕೆಲವೇ ಕ್ಷಣಗಳಲ್ಲಿ ಕಿತ್ತುಕೊಳ್ಳುತ್ತದೆ, ಅದಕ್ಕೇ ಅಷ್ಟು ಚಳಿ.

ಕೆರೆಯ ಮಟ್ಟಿಗೆ ಇದೇ ಲೆಕ್ಕ ಮಾಡಿ ನೋಡಿ. ಬೇಸಿಗೆಯ ಒಂದು ಒಣ ದಿನ ಹೊಸಕೋಟೆಯ ಕೆರೆಯಲ್ಲಿ ಐದು ಮಿಲಿಮೀಟರ್ ನೀರು ಆವಿಯಾಯಿತು ಅನ್ನೋಣ. ಒಂದು ಅಕ್ಕಿಕಾಳಿನ ಉದ್ದದಷ್ಟು. ಒಂದು ಎಕರೆ ನೀರಿನಿಂದ ಹೋದದ್ದು ಇಪ್ಪತ್ತು ಸಾವಿರ ಲೀಟರ್. ಅದಕ್ಕೆ ಬೇಕಾದ ಶಾಖ ಮೂರು ಟನ್ನಿಗೂ ಮೀರಿದ ಸೌದೆಯನ್ನು, ಒಂದಿಷ್ಟೂ ಪೋಲಾಗದಂತೆ, ಉರಿಸಿದಷ್ಟು. ಎಕರೆಗೆ ದಿನಕ್ಕೆ ಮೂರು ಟನ್ನು! ಸೂರ್ಯ ಯಾರಿಗೂ ಬಿಲ್ಲು ಕೊಡುವುದಿಲ್ಲವಾದ್ದರಿಂದ ನಮಗದು ಗೊತ್ತಾಗುವುದಿಲ್ಲ. ಕೆರೆ ಒಣಗಿ ಅಂಗಳವಾದಾಗ, ನೀರನ್ನು ಆವಿ ಮಾಡುವುದಕ್ಕೆ ವೆಚ್ಚವಾಗುತ್ತಿದ್ದ ಆ ಬಿಸಿಲೆಲ್ಲ ನೆಲವನ್ನೂ ಗಾಳಿಯನ್ನೂ ಕಾಯಿಸುತ್ತದೆ. ಕೆರೆಯಿದ್ದ ಊರು ತಂಪು ಎಂದು ಹಿರಿಯರು ಹೇಳುವುದು ಬರೀ ಹಂಬಲದ ಮಾತಲ್ಲ.

ನಮ್ಮ ಮೈಯೂ ಹೂಜಿಯೇ. ಒಂದು ಲೀಟರ್ ಬೆವರು ಮೈಮೇಲೆ ಆರಿದರೆ 580 ಕಿಲೋಕೆಲೊರಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಆರದೆ ಹನಿಹನಿಯಾಗಿ ನೆಲಕ್ಕೆ ಬಿದ್ದರೆ ಅದರಿಂದ ಮೈ ತಣಿಯದು. ಉಪ್ಪು, ನೀರು ಕಳೆದುಕೊಂಡದ್ದಷ್ಟೇ ಬಂತು. ನೂಲು ಬಿಚ್ಚುವ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುವವರ, ಅವರಲ್ಲಿ ಬಹಳ ಮಂದಿ ಹೆಂಗಸರು, ಕಷ್ಟ ಇರುವುದು ಇಲ್ಲಿಯೇ. ಒಲೆಯ ಬಿಸಿ ಒಂದು ಕಡೆ. ಪಾತ್ರೆಯಿಂದೆದ್ದ ಹಬೆ ಗಾಳಿಯನ್ನೆಲ್ಲ ತೇವದಿಂದ ತುಂಬಿ ಅವರ ಬೆವರು ಆರದಂತೆ ಮಾಡುವುದು ಇನ್ನೊಂದು ಕಡೆ. ಹೊರಗೆ ದೇವನಹಳ್ಳಿಯ ಒಣ ಗಾಳಿ ಬೀಸುತ್ತಿದ್ದರೆ ಒಳಗೆ ಮಂಗಳೂರಿನ ಸೆಕೆ. ಪಾತ್ರೆಗೊಂದು ಮುಚ್ಚಳ ಬಿದ್ದು, ಸೂರಿನಲ್ಲಿ ಹಬೆ ಹೋಗಲು ಕಿಂಡಿ ಇದ್ದು, ಎದುರುಬದುರಾಗಿ ಎರಡು ಕಿಟಕಿ ತೆರೆದಿರುವ ಮನೆಯಲ್ಲಿ ನಿಂತವರ ರವಿಕೆ ಬೆನ್ನಿಗೆ ಅಂಟಿರುವುದಿಲ್ಲ. ಮೂಲೆಯ ಸೌದೆ ರಾಶಿಯೂ ಅಲ್ಲಿ ಅಷ್ಟು ಬೇಗ ಕರಗುವುದಿಲ್ಲ.